ಕೋಟಿನ ಗುಂಡಿಯಷ್ಟು ಗಾಯ

ನಮ್ಮ ಅಂಗಡಿಯಲ್ಲಿ ಕತ್ತರಿ ನನ್ನದು, ಮೆಶೀನು ಅವಳದು. ಮದುವೆಯಾದ ಮರುವರ್ಷದಿಂದ ಹೀಗೇ ನಡೆದುಬಂದಿದೆ. ನಾನು ಅಳತೆ ಹಿಡಿದು ಕತ್ತರಿಸಿ ಕೊಡುತ್ತೇನೆ, ನನ್ನ ಹೆಂಡತಿ ಕಾಲಲ್ಲಿ ತುಳಿದು ಹೊಲಿದು ಮುಗಿಸುತ್ತಾಳೆ. ಕುತ್ತಿಗೆಯಿಂದ ಟೇಪು ಇಳಿಸದ ನನಗೆ ಬೀದಿಯವರು ಟೇಪಜ್ಜ ಎಂದು ಹೆಸರಿಟ್ಟಿದ್ದಾರೆ. ಅವಳಿಗೆ ಅಡ್ಡಹೆಸರಿಡುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ಅಂಥವಳ ಮೆಶೀನು ಏಳು ತಿಂಗಳಿಂದ ಹಳೆಯ ಪರದೆಯೊಂದನ್ನು ಹೊದ್ದುಕೊಂಡು ಮೂಲೆಯಲ್ಲಿ ಕೂತಿತ್ತು. ಕಾರಣ, ಅವಳ ಎಡಗಾಲಿನ ಗಾಯ. ಪಾದದ ಗಿಣ್ಣಿಗಿಂತ ನಾಲ್ಕು ಬೆರಳು ಮೇಲೆ, ಒಳಬದಿಗೆ. ಶುರುವಾದಾಗ ಅಂಗಿಯ ಗುಂಡಿಯಷ್ಟಿತ್ತು, ಆಮೇಲೆ ಕೋಟಿನ ಗುಂಡಿಯಷ್ಟಾಯಿತು. ದೊಡ್ಡದು ಚಿಕ್ಕದು ಎಂಬುದನ್ನು ನಮ್ಮ ಮನೆಯಲ್ಲಿ ಗುಂಡಿಯ ಲೆಕ್ಕದಲ್ಲೇ ಹೇಳುವುದು. ಗುಂಡಿಯ ಡಬ್ಬಿ ಸದಾ ಕೈಗೆಟುಕುವ ಹಾಗಿರುತ್ತದೆ, ಗಾಯದ ಪಕ್ಕದಲ್ಲಿ ಹಿಡಿದು ನೋಡಿದರಾಯಿತು.

ಆಸ್ಪತ್ರೆಗೆ ಹೋಗುವುದರಲ್ಲಿ ನಾವು ಒಂದು ದಿನವೂ ಸೋಮಾರಿತನ ಮಾಡಲಿಲ್ಲ. ವಾರಕ್ಕೆರಡು ಸಲ ಹೋಗಿ, ಉದ್ದದ ಬೆಂಚಿನ ಮೇಲೆ ಸರತಿಗೆ ಕೂತು, ಕಟ್ಟು ಬದಲಿಸಿಕೊಂಡು ಬರುತ್ತಿದ್ದೆವು. ಆದರೂ ಗಾಯ ಜಪ್ಪಯ್ಯ ಅಂದರೂ ಮಾಯಲೊಲ್ಲದು. ಒಂದು ದಿನ ಡಾಕ್ಟರು, ಇನ್ನೂ ಎಳೆಯ, ಮೀಸೆ ಸರಿಯಾಗಿ ಬಲಿಯದವ, ಗಾಯವನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಅಜ್ಜಿ, ಇನ್ನು ಎಂಟು ವಾರ ನೋಡ್ತೀನಿ. ಅಷ್ಟರಲ್ಲಿ ಮಾಯದಿದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ತೊಡೆಯಿಂದ ಚರ್ಮ ತೆಗೆದು ಇಲ್ಲಿಗೆ ಕೂರಿಸ್ತಾರೆ."

"ಅಂದ್ರೆ ತೇಪೆ," ಎಂದಳು ಅವಳು.

"ಹೂಂ, ಒಂಥರಾ ತೇಪೆನೇ."

"ಊರಿಗೆಲ್ಲ ತೇಪೆ ಹಾಕಿದೋಳಿಗೇ ತೇಪೆ ಹಾಕೋಕೆ ಬಂದ್ರಾ?"

ಡಾಕ್ಟರು ನಕ್ಕರು, ಅವಳು ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಒಂದು ಮಾತಿಲ್ಲ. ಅವಳು ಬೈದರೆ ನನಗೆ ಭಯವಿಲ್ಲ, ಸುಮ್ಮನಾದರೆ ಭಯ.

ಸಂಜೆ ನನ್ನ ತಂಗಿ ಬಂದಳು, ಎರಡು ಬೀದಿ ಆಚೆ ಅವಳ ಮನೆ. ನನ್ನ ಹೆಂಡತಿ ಅವಳನ್ನು ಕೂರಿಸಿಕೊಂಡು ಹೇಳಿದಳು: "ನೋಡಮ್ಮ, ಎಂಟು ವಾರ ಗಡುವು ಕೊಟ್ಟಿದ್ದಾರೆ. ಗಾಯ ಮಾಯದೆ ದೊಡ್ಡಾಸ್ಪತ್ರೆ ಸೇರೋ ಹಾಗಾದ್ರೆ ಈ ಮೆಶೀನು ನಿಂದು. ಗಾಡಿ ತಂದು ಹೇರಿಕೊಂಡು ಹೋಗು. ತುಳಿಯೋರಿಲ್ಲದೆ ಅದು ಹೀಗೆ ಹೊದ್ಕೊಂಡು ಕೂತಿರೋದನ್ನ ನಂಗೆ ನೋಡೋಕಾಗಲ್ಲ."

"ಅಯ್ಯೋ ಅತ್ತಿಗೆ, ಅಂಥ ಮಾತು ಯಾಕೆ ಆಡ್ತೀರ," ಎಂದು ತಂಗಿ ಮೂಗು ಒರೆಸಿಕೊಂಡಳು. ಮೂವತ್ತು ವರ್ಷದಿಂದ ಆ ಮೆಶೀನಿನ ಮೇಲೆ ಅವಳಿಗೊಂದು ಕಣ್ಣು. ಹೋಗುವಾಗ ಬಾಗಿಲ ಅಗಲವನ್ನು ಗೇಣು ಹಾಕಿ ಅಳೆದದ್ದನ್ನು ನಾನು ನೋಡಿದೆ.

ಇಲ್ಲಿ ಕಾಲುಚೀಲದ ವಿಷಯ ಹೇಳದಿದ್ದರೆ ಕತೆ ಮುಂದಕ್ಕೆ ಹೋಗದು.

ಮೊದಲ ದಿನವೇ ಡಾಕ್ಟರು ಒಂದು ಉದ್ದ ಕಾಲುಚೀಲ ಬರೆದುಕೊಟ್ಟಿದ್ದರು. ಮಂಡಿಯ ತನಕ ಬರುವಂಥದ್ದು, ಮೈಬಣ್ಣದ್ದು, ಹಿಂಬದಿಯಲ್ಲಿ ಉದ್ದಕ್ಕೆ ಒಂದು ಹೊಲಿಗೆ. ತಂದು ಹಾಕಿ ನೋಡಿದರೆ, ದೇವರೇ, ಅದೇನು ಬಿಗಿ! ಹೆಬ್ಬಾವು ಇಲಿ ನುಂಗಿದ ಹಾಗೆ. ಎಳೆದೂ ಎಳೆದೂ ನನ್ನ ಬೆರಳು ನೋಯಿತು, ಅವಳ ಕಣ್ಣಲ್ಲಿ ನೀರು ಬಂತು. ಐವತ್ತು ವರ್ಷದಲ್ಲಿ ನನ್ನ ಕೈಯಿಂದ ಬಿಗಿಯಾದ ಬಟ್ಟೆಯೊಂದು ಹೊರಗೆ ಹೋದದ್ದಿಲ್ಲ. ಕಂಕುಳಲ್ಲಿ ಹಿಡಿಯುತ್ತದೆ ಎಂದು ಯಾರೂ ತಿರುಗಿ ಬಂದದ್ದಿಲ್ಲ. ಯಾವನೋ ಕೆಲಸ ಬಾರದವನು ಹೊಲಿದಿದ್ದಾನೆ ಅಂದುಕೊಂಡೆ. ಆ ಮಧ್ಯಾಹ್ನವೇ ಹೊಲಿಗೆ ಬಿಚ್ಚಿ, ಬೆರಳಗಲದ ಮೆತ್ತನೆಯ ಪಟ್ಟಿಯೊಂದನ್ನು ಒಳಗೆ ಸೇರಿಸಿ, ಕೈಹೊಲಿಗೆಯಲ್ಲಿ ಮುಚ್ಚಿದೆ. ಎಲ್ಲಿ ಸೇರಿಸಿದ್ದು ಎಂದು ದೀಪ ಹಿಡಿದು ಹುಡುಕಿದರೂ ಸಿಗದು. ಅವಳು ಹಾಕಿಕೊಂಡು, "ಈಗ ನೋಡಿ, ಕಾಲಿದೆ ಅಂತಲೇ ಗೊತ್ತಾಗಲ್ಲ," ಎಂದಳು. ನನಗೆ ಎದೆ ಉಬ್ಬಿತು.

ಆಸ್ಪತ್ರೆಗೆ ಹೋಗುವ ದಿನ ಅದನ್ನು ಒಗೆದು ಒಣಹಾಕಿ ಹೋಗುವುದು ಅವಳ ಕ್ರಮ. ಹೇಗೂ ಅಲ್ಲಿ ಕಟ್ಟು ಬಿಚ್ಚುತ್ತಾರಲ್ಲ. ಹಾಗಾಗಿ ನನ್ನ ಕೈಚಳಕವನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಗಡುವು ಕೊಟ್ಟ ಮೇಲಿನ ಮೊದಲ ಭೇಟಿಗೆ ಕಟ್ಟು ಹಾಕುವ ಕೋಣೆಯಲ್ಲಿ ಹೊಸ ಸಿಸ್ಟರ್ ಬಂದಿದ್ದಳು. ಗುಂಡು ಮುಖ, ದೊಡ್ಡ ಗಂಟಲು. ಹಳೆಯ ಸಿಸ್ಟರ್ "ಎಲ್ಲ ಸರಿಯಾಗಿ ಮಾಡ್ತಿದ್ದೀರಾ?" ಎಂದು ಕೇಳುತ್ತಿದ್ದಳು, ನಾವು "ಹೂಂ" ಅನ್ನುತ್ತಿದ್ದೆವು. ಇವಳು ಹಾಗೆ ಕೇಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

"ಅಜ್ಜಿ, ನಾನು ಹೊಸಬಳು, ನಂಗೇನೂ ಗೊತ್ತಿಲ್ಲ ಅಂದ್ಕೊಳ್ಳಿ. ಬೆಳಿಗ್ಗೆಯಿಂದ ಈ ಕಾಲಿಗೆ ಏನೇನು ಮಾಡ್ತೀರಿ, ಮಾಡಿ ತೋರಿಸಿ. ಕಾಲುಚೀಲ ತಂದಿದ್ದೀರಾ?"

ಅಂದು ಬಿಸಿಲಿರಲಿಲ್ಲ, ಒಗೆಯದೆ ಬಿಟ್ಟ ಕಾಲುಚೀಲವನ್ನು ನನ್ನ ಹೆಂಡತಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ತೆಗೆದಳು, ಹಾಕಿದಳು. ಅಂಗೈಗೆ ಅಂಗೈ ತಟ್ಟುವಷ್ಟರಲ್ಲಿ ಮುಗಿಯಿತು.

ಸಿಸ್ಟರ್ ಬಾಯಿ ತೆರೆದಳು. "ಇಷ್ಟು ಬೇಗ? ಇದನ್ನ ಹಾಕೋಕೆ ನಾವೇ ಒದ್ದಾಡ್ತೀವಲ್ಲ!"

"ನಮ್ಮನೇಲಿ ಯಾವುದೂ ಬಿಗಿ ಇರಲ್ಲಮ್ಮ," ಎಂದೆ ನಾನು ದೊಡ್ಡಸ್ತಿಕೆಯಿಂದ. "ಒಂದು ಪಟ್ಟಿ ಕೊಟ್ಟಿದ್ದೀನಿ."

"ಏನು ಕೊಟ್ಟಿದ್ದೀರಿ?"

"ಪಟ್ಟಿ. ಹೊಲಿಗೆ ಬಿಚ್ಚಿ ಸಡಿಲ ಮಾಡ್ದೆ."

ಅವಳು ಕಾಲುಚೀಲ ಕಳಚಿಸಿ ಒಳಹೊರಗು ತಿರುಗಿಸಿದಳು, ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿ, "ಅಜ್ಜ, ಇಂಥ ಹೊಲಿಗೆ ನನ್ನ ಜನ್ಮದಲ್ಲಿ ನೋಡಿಲ್ಲ," ಎಂದಳು. ಆಮೇಲೆ ನಿಧಾನಕ್ಕೆ, ಮಗುವಿಗೆ ಹೇಳುವ ಹಾಗಲ್ಲ, ಸಮಾನರಿಗೆ ಹೇಳುವ ಹಾಗೆ ಹೇಳಿದಳು: "ಆದ್ರೆ ಬಿಗಿನೇ ಇದರ ಔಷಧಿ ಅಜ್ಜ. ನೀವು ಅದನ್ನೇ ಬಿಚ್ಚಿಬಿಟ್ಟಿದ್ದೀರಿ."

ಏಳು ತಿಂಗಳು. ನನ್ನ ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಟೇಪಿನ ತುದಿಯನ್ನು ಸುತ್ತುತ್ತ ಕೂತೆ.

ಸಿಸ್ಟರ್ ಕರೆದಳೆಂದು ಡಾಕ್ಟರು ಬಂದರು. ಕಾಲುಚೀಲ ನೋಡಿ ಅವರ ಕಿವಿ ಕೆಂಪಾಯಿತು. "ಅಜ್ಜ, ನಾನು ಮೊದಲನೇ ದಿನವೇ ಹೇಳಿದ್ದೆನಲ್ಲ! ಎಲ್ಲ ಬಿಡಿಸಿ ಹೇಳಿದ್ದೆ!"

ನನಗೆ ಓದು ಬರಹ ಅಷ್ಟಕ್ಕಷ್ಟೆ. ಅಳತೆಯನ್ನು ಕೂಡ ಬರೆದಿಡುವವನಲ್ಲ, ಎಲ್ಲ ತಲೆಯಲ್ಲೇ. ಈ ಡಾಕ್ಟರ ತಂದೆಯ ಕುತ್ತಿಗೆ ಅಳತೆ ಇವತ್ತಿಗೂ ನೆನಪಿದೆ. ಹಾಗಾಗಿ ಮೆಲ್ಲಗೆ, "ಹೇಳಿದ್ರಿ ಸಾರ್," ಎಂದು, ಅವರು ಹೇಳಿದ್ದನ್ನು ಹಾಗೇ ಒಪ್ಪಿಸಿದೆ:

"ಇದು ವೀನಸ್ ಅಲ್ಸರ್. ವಾಲ್ವ್ ಇನ್‌ಕಾಂಪಿಟೆಂಟ್ ಆಗಿದೆ, ಅದಕ್ಕೇ ಇಡೀಮಾ. ಡ್ರೆಸಿಂಗ್ ವಾರಕ್ಕೆರಡು ಸಲ. ಕ್ಲಾಸ್ ಟೂ ಕಂಪ್ರೆಷನ್ ಸ್ಟಾಕಿಂಗ್ ಬರೆದಿದ್ದೀನಿ, ಡೇಟೈಮ್ ಕಂಟಿನ್ಯುಯಸ್. ಲಿಂಬ್ ಎಲಿವೇಶನ್, ಅಡಿಕ್ವೇಟ್ ರೆಸ್ಟ್. ಅರ್ಥ ಆಯ್ತಲ್ಲ? ನೆಕ್ಸ್ಟ್."

ಡಾಕ್ಟರು ಬೆಕ್ಕಸಬೆರಗಾಗಿ ನೋಡಿದರು. "ನೆಕ್ಸ್ಟ್ ಅಂದಿದ್ದೂ ನೆನಪಿದೆಯಾ?"

"ಅದೊಂದು ಮಾತ್ರ ಅರ್ಥ ಆಗಿತ್ತು ಸಾರ್. ಎದ್ದು ಹೊರಗೆ ಬಂದ್ವಿ."

ಸಿಸ್ಟರ್ ಬಾಯಿಗೆ ಬಟ್ಟೆ ಒತ್ತಿಕೊಂಡು ಆಚೆ ತಿರುಗಿದಳು, ಭುಜ ಕುಲುಕುತ್ತಿತ್ತು. ನನ್ನ ಹೆಂಡತಿ ಮಾತ್ರ ನೇರವಾಗಿ, "ಇವರು ಗಿಣಿ, ಡಾಕ್ಟ್ರೇ. ಹೇಳಿದ್ದು ಒಪ್ಪಿಸ್ತಾರೆ. ನಾನು ಹೂಂಗುಟ್ಟೋಳು. ನಮ್ಮಿಬ್ಬರ ಮಧ್ಯೆ ಗಾಯ ಸುಖವಾಗಿತ್ತು," ಎಂದಳು.

ಡಾಕ್ಟರು ಒಳ್ಳೆಯವರು, ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಹಾಸಿಗೆಯ ಅಂಚಿಗೆ ಕೂತರು. "ಇದರಲ್ಲಿ ಬಿಗಿಯಾಗಿರಬೇಕು ಅನ್ನೋ ಮಾತು ಎಲ್ಲಿದೆ ಸಿಸ್ಟರ್?" ಎಂದು ತಮ್ಮಷ್ಟಕ್ಕೇ ಅನ್ನುವ ಹಾಗೆ ಕೇಳಿದರು. "ನಾನೇ ಹೇಳಿಲ್ಲ."

ಸಿಸ್ಟರ್ ನಮ್ಮ ಕಡೆ ತಿರುಗಿದಳು. "ಅಜ್ಜಿ, ಚಡ್ಡಿಯ ಎಲಾಸ್ಟಿಕ್ ಸತ್ತರೆ ಏನಾಗುತ್ತೆ?"

"ಜಾರುತ್ತೆ. ಮಾನ ಹೋಗುತ್ತೆ."

"ಕಾಲಿನ ರಕ್ತನಾಳದ್ದೂ ಅದೇ ಕತೆ. ಕೆಳಗಿಳಿದ ರಕ್ತ ಮತ್ತೆ ಮೇಲೆ ಹತ್ತಬೇಕು. ಹಿಡಿದು ಹತ್ತಿಸೋ ಬಿಗುವು ಸತ್ತಿದೆ, ಅದಕ್ಕೇ ಜಾರಿ ಕೆಳಗೇ ನಿಲ್ಲುತ್ತೆ. ನೀರು ನಿಂತ ಗೋಡೆ ಹಸಿಯಾಗಿ ಗಾರೆ ಉದುರಲ್ವಾ, ಹಾಗೆ ಚರ್ಮ ಒಡೆಯುತ್ತೆ. ಮೇಲೆ ಎಷ್ಟು ಔಷಧಿ ಹಚ್ಚಿದ್ರೂ ಒಳಗೆ ನಿಂತದ್ದು ಹೋಗ್ಬೇಕಲ್ಲ? ಈಗ ನೀವು ಹೇಳಿ, ಈ ಕಾಲುಚೀಲ ಯಾಕೆ?"

ನನ್ನ ಹೆಂಡತಿ ತನ್ನ ಕಾಲನ್ನು, ಆಮೇಲೆ ನನ್ನನ್ನು ನೋಡಿದಳು. "ನನ್ನ ಕಾಲಿನ ಎಲಾಸ್ಟಿಕ್ ಸತ್ತಿದೆ. ಇದು ಹೊರಗಿಂದ ಹಾಕೋ ಎಲಾಸ್ಟಿಕ್. ಈ ಮಹಾನುಭಾವರು ಅದನ್ನೂ ಸಾಯಿಸಿದ್ರು."

ಮೂವರೂ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅದನ್ನು ಕಂಡು ಅವಳು ನನ್ನ ಮೊಣಕೈ ತಿವಿದಳು. "ಸಾಕು, ಮುಖ ಇಸ್ತ್ರಿ ಮಾಡ್ಕೊಳ್ಳಿ. ನಂಗೆ ನೋವಾಗ್ಬಾರದು ಅಂತ ತಾನೇ ಬಿಚ್ಚಿದ್ದು." ಆಗ ನನಗೂ ಉಸಿರು ಬಂತು.

ಸಿಸ್ಟರ್ ನನ್ನ ಟೇಪನ್ನೇ ಕೇಳಿ ಇಸಿದುಕೊಂಡು ಕಾಲಿನ ಅಳತೆ ತೆಗೆದಳು. ಬೆಳಿಗ್ಗೆ, ಊತ ಇಳಿದಿರುವಾಗಲೇ ತೆಗೆಯಬೇಕಂತೆ. ಅಳೆಯುತ್ತ, "ಅಜ್ಜಿ ಮನೇಲಿ ಏನು ಮಾಡ್ಕೊಂಡಿರ್ತೀರಿ?" ಎಂದಳು.

"ಏನೂ ಇಲ್ಲ. ಕೂತಿರ್ತೀನಿ. ಮುಂಚೆ ಮೆಶೀನು ತುಳೀತಿದ್ದೆ. ರೆಸ್ಟ್ ಅಂದ್ರಲ್ಲ, ನಿಲ್ಲಿಸ್ದೆ."

ಡಾಕ್ಟರು ತಲೆ ಮೇಲೆ ಕೈಯಿಟ್ಟುಕೊಂಡರು. "ಅಜ್ಜಿ! ನಾನು ಅಂದಿದ್ದು ತುಂಬಾ ಹೊತ್ತು ನಿಂತ್ಕೋಬೇಡಿ, ಮಧ್ಯೆ ಮಧ್ಯೆ ಕಾಲು ಎತ್ತರಕ್ಕೆ ಇಟ್ಟು ಮಲಗಿ ಅಂತ. ಪಾದ ಆಡಿಸಿದ್ರೆ ಮೀನಖಂಡ ಹಿಂಡಿ ರಕ್ತವನ್ನ ಮೇಲಕ್ಕೆ ತಳ್ಳುತ್ತೆ. ಮೆಶೀನು ತುಳಿಯೋದು ನಿಮ್ಮ ಕಾಲಿಗೆ ಒಳ್ಳೇದೇ!"

ನನ್ನ ಹೆಂಡತಿ ಎದ್ದುನಿಂತಳು. "ಇನ್ನೊಂದ್ಸಲ ಹೇಳಿ."

"ಒಳ್ಳೇದು ಅಜ್ಜಿ. ಕಾಲುಚೀಲ ಹಾಕ್ಕೊಂಡು, ಒಂದೊಂದ್ಸಲಕ್ಕೆ ಅರ್ಧ ಗಂಟೆ. ಆಮೇಲೆ ಕಾಲು ಮೇಲೆ. ಗಾಯ ಅರ್ಧ ಆಗೋವರೆಗೂ ಭಾರದ ಕೆಲಸ ಬೇಡ, ಸುಮ್ಮನೆ ಪಾದ ಆಡಿಸೋ ಅಷ್ಟು."

"ಬೆಲ್ಟು ಕಳಚಿ ತುಳಿದ್ರೆ?"

ಡಾಕ್ಟರು ನನ್ನ ಮುಖ ನೋಡಿದರು. ಬೆಲ್ಟು ಕಳಚಿದರೆ ಪೆಡಲು ಹಗುರ, ಮೇಲಿನ ಸೂಜಿ ಆಡುವುದಿಲ್ಲ, ಕಾಲು ಮಾತ್ರ ಆಡುತ್ತದೆ ಎಂದು ನಾನು ಬಿಡಿಸಿ ಹೇಳಿದೆ. "ಅದಕ್ಕಿಂತ ಚೆನ್ನಾಗಿರೋದು ಇನ್ನೇನಿದೆ," ಎಂದರು.

ಹೊರಡುವ ಮುಂಚೆ ಡಾಕ್ಟರು ನನ್ನನ್ನು ಕೇಳಿದರು. "ಅಜ್ಜ, ಗಿರಾಕಿ ಹೇಳಿದ್ದು ನಿಮಗೆ ತಪ್ಪಾಗಿ ಅರ್ಥ ಆಗಿದ್ದೇ ಇಲ್ವಾ?"

ನಾನು ಹೆಚ್ಚು ಮಾತಿನವನಲ್ಲ, ಆದರೂ ಹೇಳಿದೆ. ಕೆಲಸ ಕಲಿಯುವಾಗ ಒಬ್ಬರು ಕೋಟು ಸ್ವಲ್ಪ ಸಡಿಲ ಇರಲಿ ಅಂದರು. ನಾನು ಹೂಂ ಅಂದೆ. ಅವರ ಸ್ವಲ್ಪ ಒಂದು ಬೆರಳು, ನನ್ನ ಸ್ವಲ್ಪ ನಾಲ್ಕು ಬೆರಳು. ಬಟ್ಟೆ ಹಾಳಾಯಿತು. ಯಜಮಾನರು ಬೈಯಲಿಲ್ಲ, ಒಂದು ಚಳಿಗಾಲ ಪೂರ್ತಿ ಆ ಕೋಟನ್ನು ನನಗೇ ತೊಡಿಸಿದರು. ಒಳಗೆ ನಾನು ಎಲ್ಲಿದ್ದೇನೆ ಎಂದು ಜನ ಹುಡುಕುತ್ತಿದ್ದರು. ಆಮೇಲೆ ಯಜಮಾನರು ಒಂದು ಮಾತು ಹೇಳಿದರು: ಮೊದಲು ಗಿರಾಕಿಯ ಬಾಯಲ್ಲಿ ಹೊಲಿಸು, ಆಮೇಲೆ ನೀನು ಹೊಲಿ. ಅವತ್ತಿನಿಂದ, ಕತ್ತರಿ ಹಿಡಿಯುವ ಮುಂಚೆ ಗಿರಾಕಿಯೇ ನನಗೆ ಹೇಳಬೇಕು, ಎಲ್ಲಿಯವರೆಗೆ ಉದ್ದ, ಕೂತಾಗ ಹೇಗಿರಬೇಕು, ಕೈ ಎತ್ತಿದರೆ ಹೇಗಿರಬೇಕು ಎಂದು. ಮೇಲೆ ಕಚ್ಚಾ ಹೊಲಿಗೆ ಹಾಕಿ ಒಂದು ಟ್ರಯಲ್. ತೊಟ್ಟು ತೋರಿಸದೆ ಮುಂದಿನ ಹೊಲಿಗೆ ಇಲ್ಲ.

"ನಮ್ಮಲ್ಲಿ ಟ್ರಯಲ್ ಇಲ್ಲವಲ್ಲ," ಎಂದರು ಡಾಕ್ಟರು.

"ಅದೇ ಸಾರ್. ಅರ್ಥ ಆಯ್ತಾ ಅಂದ್ರೆ ಎಲ್ಲರೂ ಹೂಂ ಅಂತಾರೆ. ಇಲ್ಲ ಅಂದ್ರೆ ದಡ್ಡ ಅಂದ್ಕೋತೀರಿ ಅಂತ ಭಯ. ನೋಡಿ, ನಾನೂ ಹೂಂ ಅಂದಿದ್ದೆ."

ಮುಂದಿನ ವಾರ ಹೋದಾಗ ಬೆಂಚಿನ ಮೇಲೆ ಕೂತವರಿಗೆಲ್ಲ ಒಳಗಿನ ಮಾತು ಕೇಳುತ್ತಿತ್ತು. ಡಾಕ್ಟರು ಒಬ್ಬ ಕ್ಷೌರಿಕನಿಗೆ ಕೆಮ್ಮಿನ ಮಾತ್ರೆಯ ವಿಷಯ ಹೇಳಿ, "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಗೊತ್ತಾಗ್ಬೇಕು, ಮನೆಗೆ ಹೋಗಿ ಹೆಂಡತಿಗೆ ಏನಂತೀರಿ, ನನಗೆ ಹೇಳಿ," ಎಂದರು. ಕ್ಷೌರಿಕ, "ಅವಳಿಗೆ ನಾನು ಏನೂ ಹೇಳಲ್ಲ ಸಾರ್, ಅವಳೇ ನಂಗೆ ಹೇಳೋದು," ಎಂದ. ಬೆಂಚು ಪೂರ್ತಿ ನಕ್ಕಿತು. ಆದರೂ ಡಾಕ್ಟರು ಬಿಡಲಿಲ್ಲ, ಹೇಳಿಸಿಯೇ ಕಳಿಸಿದರು. ಅವನು ಮಾತ್ರೆಯನ್ನು ಕೆಮ್ಮು ಬಂದಾಗ ಮಾತ್ರ ನುಂಗುವುದು ಅಂದುಕೊಂಡಿದ್ದನಂತೆ. ಸಿಸ್ಟರ್ ಬಾಗಿಲಿಗೆ ಬಂದು, "ಟೇಪಜ್ಜ, ನಿಮ್ಮ ಟ್ರಯಲ್ ಶುರುವಾಗಿದೆ," ಎಂದು ಕಣ್ಣು ಮಿಟುಕಿಸಿದಳು.

ಹೊಸ ಕಾಲುಚೀಲ ಅಳತೆ ತೆಗೆದ ಮರುದಿನವೇ ಬಂದಿತ್ತು, ಹಳೆಯದಕ್ಕಿಂತ ಬಿಗಿ. ಈ ಸಲ ನಾನು ಕತ್ತರಿಯನ್ನು ಅಟ್ಟದ ಮೇಲಿಟ್ಟೆ. ಸಿಸ್ಟರ್ ಹೇಳಿಕೊಟ್ಟ ಹಾಗೆ ಕೈಗೆ ರಬ್ಬರ್ ಗವಸು ಹಾಕಿಕೊಂಡು, ಕೋಟಿನ ತೋಳಿಗೆ ಒಳಬಟ್ಟೆ ತಿರುಗಿಸುವ ಹಾಗೆ ಕಾಲುಚೀಲವನ್ನು ಹಿಮ್ಮಡಿಯವರೆಗೆ ಒಳಹೊರಗು ಮಾಡಿ, ಪಾದ ತೂರಿಸಿ, ಮೆಲ್ಲಗೆ ಮೇಲಕ್ಕೆ ಸವರಿಕೊಂಡು ಬರಬೇಕು. ಮೊದಲ ದಿನ ಕಾಲು ಗಂಟೆ ಹಿಡಿಯಿತು. "ಮದುವೆ ದಿನ ಕೂಡ ಇಷ್ಟು ಉಪಚಾರ ಮಾಡಿರ್ಲಿಲ್ಲ," ಎಂದಳು ಅವಳು.

ಪರದೆ ತೆಗೆದು ಮೆಶೀನಿನ ಬೆಲ್ಟು ಕಳಚಿದೆ. ಅವಳು ಕೂತು ಪಾದವಿಟ್ಟಳು. ಸೂಜಿ ಆಡದ, ದಾರವಿಲ್ಲದ, ಬಟ್ಟೆಯಿಲ್ಲದ ಮೆಶೀನಿನ ಕೆಳಗಿನ ಚಕ್ರ ಗರಗರ ತಿರುಗಿತು. ಬೀದಿಯಲ್ಲಿ ಹೋಗುವವರು ಇಣುಕಿ, "ಅಜ್ಜಿ, ಗಾಳಿಗೆ ಅಂಗಿ ಹೊಲೀತಿದ್ದೀರಾ?" ಎಂದರೆ, "ಹೂಂ, ನಿನ್ನ ಅಳತೆ ಕೊಡು," ಎನ್ನುವಳು.

ಮೂರನೇ ವಾರಕ್ಕೆ ಕೋಟಿನ ಗುಂಡಿಯಷ್ಟಿದ್ದ ಗಾಯ ಅಂಗಿಯ ಗುಂಡಿಯಷ್ಟಾಯಿತು. ನಾನೇ ಡಬ್ಬಿಯಿಂದ ಗುಂಡಿ ತೆಗೆದು ಪಕ್ಕದಲ್ಲಿ ಹಿಡಿದು ನೋಡಿದೆ. ನಾಲ್ಕನೇ ವಾರ ಅಷ್ಟೇ. ಐದನೇ ವಾರವೂ ಅಷ್ಟೇ. ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆ ವಾರ ತಂಗಿ ಬಂದು, ತಳ್ಳುಗಾಡಿಯವನೊಬ್ಬ ಪರಿಚಯದವನಿದ್ದಾನೆ ಎಂದು ಸುಮ್ಮನೆ ಮಾತಿಗೆ ಹೇಳಿ ಹೋದಳು. ನನ್ನ ಹೆಂಡತಿ ಮತ್ತೆ ಮಾತು ಕಡಿಮೆ ಮಾಡಿದಳು.

ಆರನೇ ವಾರದ ಮೊದಲ ಭೇಟಿಗೆ ಸಿಸ್ಟರ್ ಸ್ಟೂಲು ಎಳೆದು ಕೂತಳು. "ಕಾಲುಚೀಲ ಯಾವಾಗ ಹಾಕೋದು?"

"ಎದ್ದ ಕೂಡ್ಲೇ, ಮಂಚದಿಂದ ಕಾಲು ಕೆಳಗಿಡೋ ಮುಂಚೆ," ಎಂದೆ ನಾನು.

"ತೆಗೆಯೋದು?"

"ಮಲಗುವಾಗ."

"ಕಾಲು ಎಷ್ಟೆತ್ತರಕ್ಕೆ?"

"ಎದೆಗಿಂತ ಮೇಲೆ, ಎರಡು ದಿಂಬು."

"ಟೇಪಜ್ಜ," ಎಂದಳು ಸಿಸ್ಟರ್. "ಅಂಗಿ ಯಾರದು?"

"ಯಾವ ಅಂಗಿ?" ಎಂದೆ.

"ಕಾಲು ಅಜ್ಜಿದು. ಟ್ರಯಲ್ ನೀವು ಕೊಡ್ತಿದ್ದೀರಿ. ಐದು ವಾರದಿಂದ ನಾನು ಕೇಳಿದ್ದಕ್ಕೆಲ್ಲ ನೀವೇ ಉತ್ತರ ಹೇಳ್ತಿದ್ದೀರಿ, ನಾನೂ ಮಂಕು, ನಿಮ್ಮ ನೆನಪು ನೋಡಿ ಖುಷಿಪಟ್ಕೊಂಡು ಕೂತಿದ್ದೆ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಅಜ್ಜಿ, ನೀವು ಹೇಳಿ. ಇವತ್ತು ಬೆಳಿಗ್ಗೆ ಎದ್ರಿ. ಆಮೇಲೆ?"

"ಆರೂವರೆಗೆ ಎದ್ದೆ. ಒಲೆ ಹಚ್ಚಿದೆ. ಅಂಗಡಿ ಗುಡಿಸಿದೆ. ಇವರು ಎದ್ರು, ಇವರಿಗೆ ಬಿಸಿ ಕಾಫಿ ಕೊಟ್ಟೆ. ಪಾತ್ರೆ ಬೆಳಗಿದೆ. ಸ್ನಾನ ಮಾಡ್ದೆ. ಆಮೇಲೆ ಇವರು ಕಾಲುಚೀಲ ಹಾಕಿದ್ರು."

"ಅಷ್ಟೊತ್ತಿಗೆ ಗಂಟೆ?"

"ಒಂಬತ್ತೂವರೆ ಆಗಿರುತ್ತೆ. ಮುಂಚೆನೇ ಹಾಕಿದ್ರೆ ಸ್ನಾನದಲ್ಲಿ ಒದ್ದೆ ಆಗುತ್ತಲ್ಲಮ್ಮ. ಮೂರು ವಾರ ಇವರ ಮಾತು ಕೇಳ್ದೆ. ಆಮೇಲೆ ದಿನಾ ಹಾಕಿ, ತೆಗೆದು, ಮತ್ತೆ ಹಾಕಿ ಇವರ ಬೆರಳು ಸುಲಿದುಹೋಯ್ತು. ಪಾಪ ಅಂತ ನಾನೇ ಎದ್ದುಬಿಡ್ತಿದ್ದೆ, ಇವರು ಏಳೋ ಮುಂಚೆ."

ನಾನು ಅವಳನ್ನು ನೋಡಿದೆ, ಅವಳು ಕಿಟಕಿ ನೋಡಿದಳು. ನಾನು ಏಳುವಷ್ಟರಲ್ಲಿ ಅವಳು ಒಲೆಯ ಮುಂದಿರುತ್ತಿದ್ದುದು ಹೌದು. ಎದ್ದ ಕೂಡಲೇ ತಾನೇ ಹಾಕಿಕೊಂಡು, ಆಮೇಲೆ ಸ್ನಾನಕ್ಕೆಂದು ಬಿಚ್ಚಿದ್ದಾಳೆ ಅಂದುಕೊಂಡಿದ್ದೆ. ಅವಳಿಗೆ ನೋವಾಗಬಾರದೆಂದು ನಾನು ಹೊಲಿಗೆ ಬಿಚ್ಚಿದೆ, ನನಗೆ ನೋವಾಗಬಾರದೆಂದು ಅವಳು ಮೂರು ಗಂಟೆ ಬರಿಗಾಲಲ್ಲಿ ನಿಂತಳು. ಇಬ್ಬರ ಕಾಳಜಿಯೂ ಸೇರಿ ಕಾಲಿಗೆ ಮುಳುವಾಗಿತ್ತು.

"ಆ ಮೂರು ಗಂಟೆಯಲ್ಲೇ ರಕ್ತ ಪೂರ್ತಿ ಕೆಳಗಿಳಿದು ಕೂತಿರುತ್ತೆ ಅಜ್ಜಿ," ಎಂದಳು ಸಿಸ್ಟರ್. "ಆಮೇಲೆ ಬಿಗಿ ಹಾಕಿ ಏನು ಬಂತು? ಇದಕ್ಕೆ ಏನು ಮಾಡೋಣ? ನೀವೇ ಹೇಳಿ."

ಅವಳು ಸ್ವಲ್ಪ ಯೋಚಿಸಿದಳು. "ಸ್ನಾನ ಸಂಜೆಗೆ ಹಾಕ್ಕೋತೀನಿ. ಒಲೆ ಇವರು ಹಚ್ಚಲಿ. ಗುಡಿಸೋದೂ ಇವರೇ. ನಾನು ಮಂಚದ ಮೇಲೆ ಕಾಲು ಚಾಚಿ ಕೂತಿರ್ತೀನಿ, ಇವರು ಬಂದು ಕಾಲುಚೀಲ ಹಾಕೋವರೆಗೂ."

"ಇದು ಔಷಧಿಯೋ, ಸೇಡೋ?" ಎಂದೆ ನಾನು.

"ಎರಡೂ," ಎಂದಳು.

ಹಾಗೆ ನಾನು ಒಲೆ ಹಚ್ಚುವುದನ್ನು ಕಲಿತೆ. ನನ್ನ ಗಂಜಿಯ ಬಗ್ಗೆ ಅವಳು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆರನೇ ವಾರ ಮುಗಿಯುವಷ್ಟರಲ್ಲಿ ಗಾಯ ಕಾಲರಿನ ಚಿಕ್ಕ ಗುಂಡಿಯಷ್ಟಾಯಿತು. ಡಾಕ್ಟರು ಅರ್ಧಕ್ಕಿಂತ ಕಡಿಮೆಯಾಯಿತೆಂದು ಒಪ್ಪಿಗೆ ಕೊಟ್ಟರು, ನಾನು ಮೆಶೀನಿಗೆ ಬೆಲ್ಟು ಏರಿಸಿ, ಎಣ್ಣೆ ಬಿಟ್ಟೆ. ಏಳನೇ ವಾರಕ್ಕೆ ಗಾಯದ ಪಕ್ಕ ಹಿಡಿಯಲು ಡಬ್ಬಿಯಲ್ಲಿ ಅಷ್ಟು ಚಿಕ್ಕ ಗುಂಡಿ ಇರಲಿಲ್ಲ. ರವಿಕೆಯ ಕೊಕ್ಕೆ ಸಿಕ್ಕಿಸುವ ಕಣ್ಣು ಹಿಡಿದು ನೋಡಿದೆ. ಎಂಟನೇ ವಾರದ ಕೊನೆಯ ಭೇಟಿಯಲ್ಲಿ ಸಿಸ್ಟರ್ ಕಟ್ಟು ಬಿಚ್ಚಿದಳು. ಒಳಗೆ ಗಾಯವಿರಲಿಲ್ಲ. ಗುಲಾಬಿ ಬಣ್ಣದ, ಹೊಸ ರೇಷ್ಮೆಯ ಹಾಗೆ ತೆಳ್ಳಗಿನ ಚರ್ಮವಿತ್ತು. ಸಿಸ್ಟರ್ ಕೂಗಿದ ಕೂಗಿಗೆ ಡಾಕ್ಟರು ಪಕ್ಕದ ಕೋಣೆಯಿಂದ ಓಡಿಬಂದರು.

"ಅಜ್ಜಿ, ಗಾಯ ಮಾಯಿತು ಅಂತ ಕಾಲುಚೀಲ..." ಎಂದು ಅವರು ಶುರುಮಾಡುವಷ್ಟರಲ್ಲಿ ಅವಳೇ ಹೇಳಿದಳು: "ಬಿಡಬಾರದು. ಗಾಯ ಮಾಯಿತು, ಎಲಾಸ್ಟಿಕ್ ಬದುಕಿ ಬರಲಿಲ್ಲವಲ್ಲ."

ಡಾಕ್ಟರು ಕೈಮುಗಿದರು. ಆಮೇಲೆ ಒಂದು ಕೆಲಸ ಒಪ್ಪಿಸಿದರು. ಕಾಲಿನ ವಿಷಯ ಬಂದವರಿಗೆ ಹೇಳಿಕೊಡಲು ಒಂದು ಬಟ್ಟೆಯ ಕಾಲು ಬೇಕಂತೆ. ನೀಲಿ ಬಟ್ಟೆಯಲ್ಲಿ ರಕ್ತನಾಳ, ಅದರೊಳಗೆ ಮೇಲಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳು. 'ವಾಲ್ವ್' ಅಂದದ್ದು ಅದನ್ನೇ ಅಂತೆ. "ಜೇಬಿನ ಮುಚ್ಚಳದ ಹಾಗೆ," ಎಂದೆ. "ಅದೇ," ಎಂದರು. "ಜೊತೆಗೆ ಆ ಹಾಳು ಮಾಡಿದ ಕಾಲುಚೀಲವೂ ಬೇಕು, ಪಕ್ಕದಲ್ಲೇ ತೂಗುಹಾಕ್ತೀನಿ." ತಂದುಕೊಡ್ತೀನಿ ಎಂದೆ. ಹೊಲಿಗೆಯನ್ನಾದರೂ ಜನ ನೋಡಲಿ.

ಭಾನುವಾರ ಬೆಳಿಗ್ಗೆ ನಾನು ನೀಲಿ ಬಟ್ಟೆ ಕತ್ತರಿಸಿ ಕೊಡುತ್ತಿದ್ದೆ, ಅವಳು ಹೊಲಿಯುತ್ತಿದ್ದಳು. ಬಾಗಿಲಲ್ಲಿ ತಳ್ಳುಗಾಡಿ ನಿಂತಿತು. ತಂಗಿ ಹಗ್ಗದ ಸುರುಳಿ ಹಿಡಿದು ಒಳಗೆ ಬಂದಳು, ಮುಖವನ್ನು ದುಃಖಕ್ಕೆ ಸಿದ್ಧಮಾಡಿಕೊಂಡು. ಮೆಶೀನಿನ ಸದ್ದು ಕೇಳಿ ಹೊಸ್ತಿಲಲ್ಲೇ ನಿಂತಳು.

"ಅತ್ತಿಗೆ, ಎಂಟು ವಾರ ಮುಗೀತು. ಗಾಡಿ ತಂದಿದ್ದೀನಿ."

"ಬಾಮ್ಮ, ಕೂತ್ಕೋ," ಎಂದಳು ನನ್ನ ಹೆಂಡತಿ, ತುಳಿಯುವುದನ್ನು ನಿಲ್ಲಿಸದೆ. "ನಾನು ಅವತ್ತು ನಿಂಗೆ ಏನು ಹೇಳಿದ್ದೆ? ನಿನ್ನ ಬಾಯಲ್ಲೇ ಹೇಳು ನೋಡೋಣ."

"ಎಂಟು ವಾರ ಆದ್ಮೇಲೆ ಮೆಶೀನು ತಗೊಂಡು ಹೋಗು ಅಂದ್ರಿ."

"ಅಷ್ಟೇನಾ?"

ತಂಗಿ ನನ್ನ ಕಡೆ ನೋಡಿದಳು. ನನಗೆ ಮಾತು ಮಾತೂ ನೆನಪಿತ್ತು. ಆದರೆ ಟ್ರಯಲ್ ಅವಳದು, ನಾನು ಬಾಯಿ ಬಿಡಲಿಲ್ಲ.

"ಗಾಯ..." ಎಂದಳು ತಂಗಿ ಮೆಲ್ಲಗೆ. "ಗಾಯ ಮಾಯದಿದ್ರೆ ಅಂದಿದ್ರಿ, ಅಲ್ವಾ?"

ನನ್ನ ಹೆಂಡತಿ ಪೆಡಲು ನಿಲ್ಲಿಸಿ, ಕಾಲುಚೀಲವನ್ನು ಮೇಲಿನಿಂದ ಸುರುಳಿ ಸುತ್ತಿ ಕೆಳಗಿಳಿಸಿ, ಕಾಲು ಮುಂದೆ ಚಾಚಿದಳು. ತಂಗಿ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಮೆಶೀನು ಹೋದ ಬೇಸರ ಒಂದು ಕ್ಷಣ ಬಂತು, ಮರುಕ್ಷಣ ಹಗ್ಗ ಬಿಸಾಕಿ ಅತ್ತಿಗೆಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೇ.

ಹೊರಗಿನಿಂದ ಗಾಡಿಯವನು ಕೂಗಿದ. "ಅಮ್ಮಾ, ಹೇರೋದೋ ಬೇಡ್ವೋ?"

"ಈಗ ಬರಿಗಾಡಿ ತಳ್ಳಿಕೊಂಡು ಹೋಗ್ಲಾ ಅತ್ತಿಗೆ?" ಎಂದಳು ತಂಗಿ, ಕಣ್ಣೊರೆಸಿಕೊಳ್ಳುತ್ತ. "ಬೀದಿಯವರು ನಗ್ತಾರೆ."

"ಬರಿಗಾಡಿ ಯಾಕೆ, ನಿಮ್ಮಣ್ಣನ್ನ ಹೇರಿಕೊಂಡು ಹೋಗು. ಸಂಜೆ ವಾಪಸ್ ಕಳಿಸು, ನಾಳೆ ಬೆಳಿಗ್ಗೆ ಒಲೆ ಹಚ್ಚೋಕೆ ಬೇಕು."

ನಾನು ಗವಸು ಹುಡುಕಿ ತಂದು ಅವಳ ಕಾಲ ಬಳಿ ಕೂತೆ. ಕಾಲುಚೀಲವನ್ನು ಮತ್ತೆ ಮಂಡಿಯವರೆಗೆ ಏರಿಸಿದೆ. ಬೆರಳು ಒಳಗೆ ತೂರದಷ್ಟು ಬಿಗಿಯಾಗಿತ್ತು. ಅವಳು ಪಾದವನ್ನು ಪೆಡಲಿನ ಮೇಲಿಟ್ಟಳು.